ಮೂಳೆಯೊಳಗಿನ ನೋವು, ಹಣೆಯ ಮೇಲಿನ ಗುರುತು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಸರ್ಕಾರಿ ಸೇವೆಯ ಆರಂಭದ ಕೆಲವು ವರ್ಷಗಳನ್ನು ನಾನು ಕಳೆದೆ. ನಕ್ಷೆಯಲ್ಲಿ ಅಕ್ಕಪಕ್ಕದಲ್ಲಿರುವ ಈ ನಾಲ್ಕು ತಾಲ್ಲೂಕುಗಳ ಬದುಕು ಒಂದೇ ಬಗೆಯದಲ್ಲ. ಕೃಷ್ಣರಾಜನಗರದ್ದು ಕಾವೇರಿ ನಾಲೆಗಳನ್ನು ನಂಬಿದ ಭತ್ತದ ಬದುಕು; ಹುಣಸೂರು, ಪಿರಿಯಾಪಟ್ಟಣಗಳದ್ದು ಹೊಗೆಸೊಪ್ಪು ಮತ್ತು ಅದನ್ನು ಹದಗೊಳಿಸುವ ಬ್ಯಾರನ್‌ಗಳ ಬದುಕು; ಕೋಟೆಯದ್ದು ಕಬಿನಿ ಮತ್ತು ಕಾಡಂಚಿನ ಹಾಡಿಗಳ ಬದುಕು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನಗೆ, ಇಲ್ಲಿ ಕಂಡದ್ದಕ್ಕೆಲ್ಲ ಕೂಲಿ, ಬೆಲೆ ಮತ್ತು ಹಂಗಾಮುಗಳಲ್ಲಿ ವಿವರಣೆ ಸಿಗುತ್ತದೆ ಎಂಬ ವಿಶ್ವಾಸವಿತ್ತು.

1990ರ ದಶಕದ ಆರಂಭದ ಒಂದು ಜನವರಿಯಲ್ಲಿ, ಹಾಡಿಯ ಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ವಸತಿ ಶಾಲೆಯ ತಪಾಸಣೆಗೆ ಹೋಗಿದ್ದೆ. ಹತ್ತು ಹನ್ನೊಂದು ವರ್ಷದ ಬಾಲಕನೊಬ್ಬ ಜಗಲಿಯ ಮೇಲೆ, ಎಳೆಬಿಸಿಲಿನಲ್ಲಿ, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ. ಅಳುತ್ತಿರಲಿಲ್ಲ. ಕಾಲುನೋವೆಂದು ಹೇಳುತ್ತಾನೆ, ಬಿದ್ದದ್ದಿಲ್ಲ, ಗಾಯವಿಲ್ಲ, ಊತವಿಲ್ಲ, ಚಳಿ ಬಂದರೆ ಪ್ರತಿವರ್ಷ ಇದೇ ಕತೆ ಎಂದು ಶಿಕ್ಷಕರು ವಿವರಿಸಿದರು. ಹಾಜರಿ ಪುಸ್ತಕ ತರಿಸಿ ನೋಡಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳೇ ಹೆಚ್ಚಾಗಿದ್ದವು. ನನಗೆ ಕಾರಣ ತಕ್ಷಣ ಹೊಳೆಯಿತು: ಅದು ಕೊಡಗಿನಲ್ಲಿ ಕಾಫಿ ಕೊಯ್ಲಿನ ಕಾಲ, ಹಾಡಿಯ ಜನ ಮಕ್ಕಳ ಸಮೇತ ತೋಟಗಳಿಗೆ ಹೋಗುತ್ತಾರೆ. ಹಂಗಾಮಿನ ವಲಸೆಯೇ ಗೈರುಹಾಜರಿಗೆ ಕಾರಣವೆಂದು ಟಿಪ್ಪಣಿ ಬರೆದು, ಹಾಜರಾತಿಯನ್ನು ಬಿಗಿಗೊಳಿಸುವಂತೆ ಸೂಚಿಸಿದೆ. ಟಿಪ್ಪಣಿ ತರ್ಕಬದ್ಧವಾಗಿತ್ತು. ಬಾಲಕನ ಕಾಲಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆ ಇದೆಯೆಂದೂ, ಮೈಮೇಲೆ ಏನೂ ಕಾಣದಂತೆ ಮೂಳೆಗಳಲ್ಲಿ ತೀವ್ರ ನೋವು ಎಬ್ಬಿಸುವುದು ಅದರ ಮುಖ್ಯ ಲಕ್ಷಣವೆಂದೂ, ಚಳಿ ಆ ನೋವನ್ನು ಕೆರಳಿಸುತ್ತದೆಂದೂ ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಬಾಲಕನಿಗೆ ಅದೇ ಕಾಯಿಲೆ ಇತ್ತೆಂದು ನಾನು ಹೇಳಲಾರೆ. ಅವನ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ, ಪರೀಕ್ಷಿಸಬೇಕೆಂದು ನನಗೂ ತೋಚಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಇದೇ ಸಂಗತಿ. ಇಂಥ ನೋವಿನ ಮೂಲವನ್ನು ರಕ್ತದ ಒಂದು ಅಣುವಿನಲ್ಲಿ ಮೊದಲು ತೋರಿಸಿಕೊಟ್ಟವರು ಲೈನಸ್ ಪಾಲಿಂಗ್. ಎರಡು ನೊಬೆಲ್ ಪ್ರಶಸ್ತಿಗಳ ಒಡೆಯರೆಂದು, ವಿಟಮಿನ್ ಸಿ ಬಗ್ಗೆ ವಿವಾದ ಎಬ್ಬಿಸಿದವರೆಂದು ಅವರ ಹೆಸರನ್ನು ಓದುಗರು ಬಲ್ಲರು. ಮಕ್ಕಳ ನೋವಿಗೂ ಅವರ ಬದುಕಿಗೂ ಇರುವ ನಂಟು ಅಷ್ಟು ಪರಿಚಿತವಲ್ಲ. ಆ ನಂಟಿನಲ್ಲಿ ಒಂದು ದೊಡ್ಡ ಸಾಧನೆಯೂ ಇದೆ, ಒಂದು ದೊಡ್ಡ ಪ್ರಮಾದವೂ ಇದೆ.

ಪಾಲಿಂಗ್ ಹುಟ್ಟಿದ್ದು 1901ರ ಫೆಬ್ರವರಿ 28ರಂದು, ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ತಂದೆ ಔಷಧ ವ್ಯಾಪಾರಿ. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, 1910ರಲ್ಲಿ, ಅವರು ತೀರಿಕೊಂಡರು. ತಾಯಿ ಬಾಡಿಗೆದಾರರಿಗೆ ಊಟ ವಸತಿ ಒದಗಿಸುವ ಮನೆ ನಡೆಸಿ ಮೂವರು ಮಕ್ಕಳನ್ನು ಸಾಕಿದರು. ಆಕೆಯನ್ನು ಕಾಡುತ್ತಿದ್ದುದು ಪರ್ನಿಷಿಯಸ್ ಅನೀಮಿಯಾ ಎಂಬ ರಕ್ತಹೀನತೆ, ಆ ಕಾಲಕ್ಕೆ ಮದ್ದಿಲ್ಲದ ಕಾಯಿಲೆ. ಮಗ ಸಂಶೋಧನೆಗೆಂದು ಯುರೋಪಿನಲ್ಲಿದ್ದಾಗ, 1926ರಲ್ಲಿ, ಆಕೆ ಕೊನೆಯುಸಿರೆಳೆದರು. ಯಕೃತ್ತಿನ ಆಹಾರದಿಂದ ಈ ಕಾಯಿಲೆಯನ್ನು ಹಿಡಿತಕ್ಕೆ ತರಬಹುದೆಂದು ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ್ದೂ ಅದೇ ವರ್ಷ. ಜ್ಞಾನ ಸಿದ್ಧವಾಗುವುದಕ್ಕೂ ಅದು ರೋಗಿಯ ಹಾಸಿಗೆಯನ್ನು ಮುಟ್ಟುವುದಕ್ಕೂ ನಡುವೆ ಇರುವ ಅಂತರ ಪಾಲಿಂಗ್ ಅವರ ಮನೆಯಲ್ಲೇ ಹೀಗೆ ಕಾಣಿಸಿಕೊಂಡಿತ್ತು.

ಮನೆಯ ಬಡತನ ಅವರ ಓದನ್ನು ನಿಲ್ಲಿಸಲಿಲ್ಲ. ಚರಿತ್ರೆಯ ಪಾಠ ಪೂರೈಸದ ಕಾರಣ ಪ್ರೌಢಶಾಲೆಯ ಪ್ರಮಾಣಪತ್ರ ಸಿಗದಿದ್ದರೂ ಹದಿನಾರನೆಯ ವಯಸ್ಸಿಗೆ ಆರೆಗಾನ್ ಕೃಷಿ ಕಾಲೇಜು ಸೇರಿದರು. ಬೇಸಿಗೆಯಲ್ಲಿ ರಸ್ತೆ ಕಾಮಗಾರಿಯ ಮೇಲ್ವಿಚಾರಣೆ ಮಾಡಿ ಹಣ ಹೊಂದಿಸಿದರು. ವಿದ್ಯಾರ್ಥಿಯಾಗಿರುವಾಗಲೇ ರಸಾಯನಶಾಸ್ತ್ರ ಬೋಧಿಸಿದರು. ಅಂಥ ಒಂದು ತರಗತಿಯಲ್ಲಿ ಪರಿಚಯವಾದ ಏವಾ ಹೆಲೆನ್ ಮಿಲ್ಲರ್ ಅವರನ್ನು 1923ರಲ್ಲಿ ಮದುವೆಯಾದರು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ 1925ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ರಾಸಾಯನಿಕ ಬಂಧದ ಸ್ವರೂಪವನ್ನು ಕುರಿತ ಅವರ ಗ್ರಂಥ 1939ರಲ್ಲಿ ಪ್ರಕಟವಾಗಿ ಆ ಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಅದಕ್ಕೂ ಮೊದಲೇ, 1936ರಲ್ಲಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬ ಬಗ್ಗೆ ಅವರು ಮಹತ್ವದ ಪ್ರಯೋಗ ನಡೆಸಿದ್ದರು. 1941ರಲ್ಲಿ ತಮಗೇ ಗಂಭೀರ ಮೂತ್ರಪಿಂಡ ರೋಗ ತಗುಲಿ, ಕಟ್ಟುನಿಟ್ಟಿನ ಪಥ್ಯದಿಂದ ಬದುಕಿ ಉಳಿದ ಮೇಲೆ ವೈದ್ಯಶಾಸ್ತ್ರದತ್ತ ಅವರ ಆಸಕ್ತಿ ಇನ್ನಷ್ಟು ಬೆಳೆಯಿತು.

1945ರ ಒಂದು ಸಂಜೆ, ವೈದ್ಯಕೀಯ ಸಂಶೋಧನೆಯ ಕುರಿತಾದ ಸರ್ಕಾರಿ ಸಮಿತಿಯೊಂದರ ಸದಸ್ಯರ ಭೋಜನಕೂಟದಲ್ಲಿ, ಹಾರ್ವರ್ಡ್‌ನ ವೈದ್ಯ ವಿಲಿಯಂ ಕ್ಯಾಸಲ್ ಒಂದು ವಿಚಿತ್ರ ಕಾಯಿಲೆಯ ಪ್ರಸ್ತಾಪ ಮಾಡಿದರು. ಪಾಲಿಂಗ್ ಅವರ ತಾಯಿಯನ್ನು ಬಲಿ ತೆಗೆದುಕೊಂಡ ರಕ್ತಹೀನತೆಯ ಕಾರಣವನ್ನು ಶೋಧಿಸಿದವರು ಇದೇ ಕ್ಯಾಸಲ್ ಎಂಬುದು ಕಾಕತಾಳೀಯ. ಅವರು ಹೇಳಿದ ಕಾಯಿಲೆಯನ್ನು ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿಯೇ ದಾಖಲಿಸಿದ್ದರು: ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಕಣಗಳು ಹಾಗೆ ಬಾಗುವುದು ಆಮ್ಲಜನಕ ಬಿಟ್ಟುಕೊಟ್ಟ ರಕ್ತದಲ್ಲಿ, ಆಮ್ಲಜನಕ ಸಿಕ್ಕೊಡನೆ ಮತ್ತೆ ನೆಟ್ಟಗಾಗುತ್ತವೆ ಎಂದು ಕ್ಯಾಸಲ್ ಹೇಳಿದರು. ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಹಾಗಾದರೆ ದೋಷ ಇರಬೇಕಾದದ್ದು ಕಣದಲ್ಲಲ್ಲ, ಆ ಅಣುವಿನಲ್ಲಿ ಎಂಬುದು ಪಾಲಿಂಗ್ ಅವರಿಗೆ ಅಲ್ಲಿಯೇ ಹೊಳೆಯಿತು.

ಈ ಹೊಳಹನ್ನು ಪರೀಕ್ಷಿಸುವ ಹೊಣೆ ಹಾರ್ವೆ ಇಟಾನೊ ಎಂಬ ಯುವ ವೈದ್ಯನ ಪಾಲಿಗೆ ಬಂತು. ಜಪಾನೀ ಮೂಲದ ಇಟಾನೊ 1942ರಲ್ಲಿ ಬರ್ಕ್ಲಿಯಲ್ಲಿ ತಮ್ಮ ಸಾಲಿನ ಅತ್ಯುತ್ತಮ ವಿದ್ಯಾರ್ಥಿಯಾಗಿದ್ದರೂ, ಪದವಿ ಪ್ರದಾನದ ದಿನ ಯುದ್ಧಕಾಲದ ಬಂಧನ ಶಿಬಿರದಲ್ಲಿದ್ದವರು. ಇಟಾನೊ, ಸಿಂಗರ್ ಮತ್ತು ವೆಲ್ಸ್ ಅವರು ವಿದ್ಯುತ್ ಕ್ಷೇತ್ರದಲ್ಲಿ ಹಿಮೋಗ್ಲೋಬಿನ್ ಚಲಿಸುವ ರೀತಿಯನ್ನು ಅಳೆದರು. ರೋಗಿಯ ಹಿಮೋಗ್ಲೋಬಿನ್ ಆರೋಗ್ಯವಂತರದಕ್ಕಿಂತ ಬೇರೆ ರೀತಿಯಲ್ಲಿ ಚಲಿಸಿತು. ರೋಗವಿಲ್ಲದೆ ಗುಣವನ್ನು ಮಾತ್ರ ಹೊತ್ತ ವಾಹಕರ ರಕ್ತದಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ಇದ್ದವು. 1949ರ ನವೆಂಬರ್‌ನಲ್ಲಿ ಪ್ರಕಟವಾದ ಅವರ ಲೇಖನ ಸಿಕಲ್ ಸೆಲ್ ರಕ್ತಹೀನತೆಯನ್ನು ಅಣುವಿನ ಕಾಯಿಲೆ ಎಂದು ಕರೆಯಿತು. ಒಂದು ರೋಗವನ್ನು ಒಂದು ಅಣುವಿನ ದೋಷವಾಗಿ ಗುರುತಿಸಿದ್ದು ಅದೇ ಮೊದಲು. ಹಿಮೋಗ್ಲೋಬಿನ್ನಿನ ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದೇ ಇದಕ್ಕೆಲ್ಲ ಕಾರಣವೆಂದು ಕೇಂಬ್ರಿಜ್‌ನ ವರ್ನನ್ ಇನ್‌ಗ್ರಾಮ್ ಕೆಲವು ವರ್ಷಗಳಲ್ಲಿ ತೋರಿಸಿಕೊಟ್ಟರು.

ಈ ಶೋಧದ ಅರ್ಥವನ್ನು ಮಗುವಿನ ಕಡೆಯಿಂದ ನೋಡಬೇಕು. ಬಾಗಿದ ಕಣಗಳು ಗಡುಸಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಸಿಗದ ಮೂಳೆ ನೋಯುತ್ತದೆ. ಹೊರಗೆ ಗಾಯವಿಲ್ಲ, ಆರಂಭದಲ್ಲಿ ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ತಾಯಿಯ ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮೊದಲ ತಿಂಗಳುಗಳಲ್ಲಿ ಕೂಸನ್ನು ಕಾಪಾಡುತ್ತದೆ. ಆರು ತಿಂಗಳು ಕಳೆಯುತ್ತಿದ್ದಂತೆ ಅಂಗೈ, ಅಂಗಾಲುಗಳು ಊದಿಕೊಂಡು ಕೂಸು ಮುಟ್ಟಗೊಡದೆ ಅಳುವುದು ಅನೇಕ ವೇಳೆ ಮೊದಲ ಸೂಚನೆ. ಮುಂದೆ ಕೈಕಾಲು, ಬೆನ್ನು, ಎದೆ, ಹೊಟ್ಟೆಗಳಲ್ಲಿ ನೋವು ಬರುತ್ತದೆ. ಹೊಟ್ಟೆಯ ನೋವು ಅಪೆಂಡಿಸೈಟಿಸ್ ಎಂಬ ಭ್ರಮೆ ಹುಟ್ಟಿಸಬಹುದು, ಕೀಲಿನ ನೋವು ವಾತಜ್ವರವೆಂಬ ಭ್ರಮೆ ಹುಟ್ಟಿಸಬಹುದು. ಹದಿಹರೆಯದಲ್ಲಿ ತೊಡೆಮೂಳೆಯ ತಲೆಭಾಗ ರಕ್ತವಿಲ್ಲದೆ ಸವೆದು ಹುಡುಗ ಕುಂಟತೊಡಗಬಹುದು. ಚಳಿ, ನಿರ್ಜಲತೆ, ಜ್ವರ, ಅತಿಯಾದ ದಣಿವು- ಇವು ನೋವನ್ನು ಕೆರಳಿಸುವ ಕಾರಣಗಳು. ಮಾಗಿಯ ಚಳಿ ಮತ್ತು ತೋಟದ ದುಡಿಮೆ ಒಟ್ಟಿಗೇ ಬರುವ ತಿಂಗಳುಗಳಲ್ಲಿ ಹಾಡಿಯ ಮಗುವಿಗೆ ಇವೆಲ್ಲವೂ ಕೂಡಿಬರುತ್ತವೆ. ಪಾಲಿಂಗ್ ಅವರ ಪ್ರಯೋಗ ಇಂಥ ಮಕ್ಕಳ ಪರವಾಗಿ ಒಂದು ಸಾಕ್ಷ್ಯವನ್ನು ನುಡಿಯಿತು. ನೆಪವೆಂದು ಕಂಡದ್ದಕ್ಕೆ ಅಳೆಯಬಹುದಾದ ಕಾರಣವಿತ್ತು.

ಆ ಸಾಕ್ಷ್ಯ ನಮ್ಮ ನೆರೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಗುಣ ಇರುವುದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಇದು ಆಫ್ರಿಕಾ ಮೂಲದವರ ಕಾಯಿಲೆ ಎಂಬ ಭಾವನೆಯೇ ಬಲವಾಗಿತ್ತು. ಮಲೇರಿಯಾದಿಂದ ವಾಹಕರಿಗೆ ಸ್ವಲ್ಪಮಟ್ಟಿನ ರಕ್ಷಣೆ ಸಿಗುವುದರಿಂದ, ಮಲೇರಿಯಾ ಬೀಡುಬಿಟ್ಟಿದ್ದ ಕಾಡುಗಳ ಜನರಲ್ಲಿ ಈ ಗುಣ ಉಳಿದುಬಂತು ಎಂಬುದು ಈಗ ಒಪ್ಪಿತ ವಿವರಣೆ. ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆಗಳು ಒಂದೇ ಕಾಡಿನ ಮುಂದುವರಿಕೆ. ಆದರೂ ನೀಲಗಿರಿಯ ಈ ಸಂಗತಿ ಪ್ರಕಟವಾಗಿ ನಾಲ್ಕು ದಶಕಗಳಾದ ಮೇಲೂ ಆ ವಸತಿ ಶಾಲೆಯ ಜಗಲಿಯಲ್ಲಿ ನಿಂತಿದ್ದ ನನಗೆ ಅದು ಗೊತ್ತಿರಲಿಲ್ಲ.

ಪಾಲಿಂಗ್ ಅವರ ಮುಂದಿನ ಬದುಕಿನಲ್ಲೂ ಮಕ್ಕಳ ಮೂಳೆಗಳ ಚಿಂತೆ ಬೇರೊಂದು ರೂಪದಲ್ಲಿ ಬಂತು. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಅವರು, ಅಣ್ವಸ್ತ್ರ ಪರೀಕ್ಷೆಗಳಿಂದ ಉದುರುವ ಸ್ಟ್ರಾಂಷಿಯಂ-90 ಹಾಲಿನ ಮೂಲಕ ಮಕ್ಕಳ ಮೂಳೆಗಳನ್ನು ಸೇರುವುದನ್ನು ಎತ್ತಿ ಹೇಳಿದರು. ಅದಕ್ಕೂ ಮೊದಲೇ ಅವರ ರಾಜಕೀಯ ನಿಲುವುಗಳಿಗಾಗಿ ಅಮೆರಿಕ ಸರ್ಕಾರ 1952ರಲ್ಲಿ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿತ್ತು. ಅದಕ್ಕೆ ಅವರು ಬಗ್ಗಲಿಲ್ಲ. ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ಮನವಿಗೆ 11 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಪಡೆದು 1958ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದರು. 1962ನೇ ಸಾಲಿನ ಶಾಂತಿ ನೊಬೆಲ್ ಅವರಿಗೆ ಘೋಷಣೆಯಾದದ್ದು 1963ರ ಅಕ್ಟೋಬರ್ 10ರಂದು, ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ಜಾರಿಗೆ ಬಂದ ದಿನವೇ. ಬೇರೆ ಯಾರೊಂದಿಗೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಇಂದಿಗೂ ಅವರೊಬ್ಬರೇ.

ಇಂಥ ಮನುಷ್ಯ 1968ರಲ್ಲಿ ಕಾನೂನು ಪತ್ರಿಕೆಯೊಂದಕ್ಕೆ ಬರೆದ ಬರಹದಲ್ಲಿ ಒಂದು ಸಲಹೆ ನೀಡಿದರು. ಸಿಕಲ್ ಸೆಲ್ ಗುಣ ಹೊತ್ತ ಪ್ರತಿಯೊಬ್ಬ ಯುವಕ ಯುವತಿಯ ಹಣೆಯ ಮೇಲೆ ಹಚ್ಚೆಯ ಗುರುತು ಹಾಕಬೇಕು. ಹಾಗಾದರೆ ಇಬ್ಬರು ವಾಹಕರು ಒಬ್ಬರನ್ನೊಬ್ಬರು ಪ್ರೀತಿಸುವ ಮೊದಲೇ ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ಅವರ ವಾದ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮುಂದೆ ಹುಟ್ಟಬಹುದಾದ ಮಕ್ಕಳ ನೋವನ್ನು ತಪ್ಪಿಸುವುದೇ ಅವರ ಉದ್ದೇಶವಾಗಿತ್ತು. ಆದರೆ ಆ ಹಚ್ಚೆ ಬೀಳುತ್ತಿದ್ದುದು ಬಹುಪಾಲು ಕರಿಯರ ಹಣೆಯ ಮೇಲೆ, ಅದೂ ಜನಾಂಗೀಯ ತಾರತಮ್ಯದಿಂದ ಆಗತಾನೇ ಹೊರಬರುತ್ತಿದ್ದ ಸಮಾಜದಲ್ಲಿ. ತಮ್ಮ ಪ್ರಯೋಗಾಲಯದಲ್ಲಿ ಈ ಶೋಧ ನಡೆಸಿದ ಇಟಾನೊ ಅವರನ್ನು ಹುಟ್ಟಿನ ಕಾರಣಕ್ಕೇ ಮುಳ್ಳುತಂತಿಯ ಹಿಂದೆ ಕೂಡಿಹಾಕಿದ್ದ ಚರಿತ್ರೆ ಪಾಲಿಂಗ್ ಅವರಿಗೆ ಗೊತ್ತಿಲ್ಲದ್ದಲ್ಲ.

ಹಚ್ಚೆಯ ಸಲಹೆ ಜಾರಿಗೆ ಬರಲಿಲ್ಲ. ಆದರೆ ಅದರ ಮನೋಭಾವ 1970ರ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳ ಕಡ್ಡಾಯ ಪರೀಕ್ಷಾ ಕಾನೂನುಗಳಲ್ಲಿ ಕಾಣಿಸಿಕೊಂಡಿತು. ವಾಹಕರನ್ನು ರೋಗಿಗಳೆಂದೇ ಬಗೆದು ಕೆಲಸ ಮತ್ತು ವಿಮೆ ನಿರಾಕರಿಸಿದ ಪ್ರಕರಣಗಳು ನಡೆದವು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೆ ವಾಹಕರನ್ನು ಹೊರಗಿಟ್ಟಿತ್ತು. ಪರೀಕ್ಷೆ ಸ್ವಯಂಪ್ರೇರಿತವಾಗಿರಬೇಕೆಂದು 1972ರ ರಾಷ್ಟ್ರೀಯ ಕಾಯ್ದೆ ಹೇಳಬೇಕಾಯಿತು. ಪಾಲಿಂಗ್ ಅಷ್ಟರಲ್ಲಿ ವಿಟಮಿನ್ ಸಿಯತ್ತ ಹೊರಳಿದ್ದರು. ಕ್ಯಾನ್ಸರಿಗೂ ಅದು ಮದ್ದಾಗಬಲ್ಲದೆಂಬ ಅವರ ನಂಬಿಕೆಯನ್ನು ಮೇಯೊ ಕ್ಲಿನಿಕ್ಕಿನ 1979 ಮತ್ತು 1985ರ ಪ್ರಯೋಗಗಳು ಸಮರ್ಥಿಸಲಿಲ್ಲ. 1981ರಲ್ಲಿ ಪತ್ನಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಅವರು, 1994ರ ಆಗಸ್ಟ್ 19ರಂದು ಅದೇ ಕಾಯಿಲೆಯಿಂದ ತೀರಿಕೊಂಡರು. ಅವರಿಗಾಗ 93 ವರ್ಷ.

ಪಾಲಿಂಗ್ ರೋಗದ ಕಾರಣ ಹೇಳಿದರು, ನೋವಿಗೆ ಮದ್ದು ಕೊಡಲಿಲ್ಲ. ಅದು ಬೇರೆಯವರಿಂದ, ತಡವಾಗಿ ಬಂತು. ಮಕ್ಕಳ ನೋವಿನ ಬಗ್ಗೆ ವೈದ್ಯಲೋಕವೇ ಉದಾಸೀನವಾಗಿದ್ದ ಕಾಲವಿತ್ತು. ನವಜಾತ ಶಿಶುಗಳಿಗೆ ನೋವಿನ ಅರಿವು ಅಷ್ಟಾಗಿ ಇರದೆಂದು ನಂಬಿ, ಅತ್ಯಲ್ಪ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅದು ತಪ್ಪೆಂದು 1987ರಲ್ಲಿ ಆಕ್ಸ್‌ಫರ್ಡ್‌ನ ಪ್ರಯೋಗಗಳಿಂದ ಸಾಬೀತುಪಡಿಸಿದವರಲ್ಲಿ ಪ್ರಮುಖರು ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್. ಸಿಕಲ್ ಸೆಲ್ ಇರುವ ಎಳೆಯ ಮಕ್ಕಳಿಗೆ ಪ್ರತಿದಿನ ಪೆನ್ಸಿಲಿನ್ ಕೊಟ್ಟರೆ ಮಾರಕ ಸೋಂಕುಗಳನ್ನು ತಡೆಯಬಹುದೆಂದು 1986ರಲ್ಲಿ ತಿಳಿಯಿತು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಬಿಕ್ಕಟ್ಟುಗಳನ್ನು ತಗ್ಗಿಸುತ್ತದೆಂದು ವಯಸ್ಕರಲ್ಲಿ 1995ರಲ್ಲಿ, ಎಳೆಯ ಮಕ್ಕಳಲ್ಲಿ 2011ರಲ್ಲಿ ಪ್ರಕಟವಾಯಿತು. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತಿದೆ. ಅಮೆರಿಕದಲ್ಲಿ ಅದರ ಬೆಲೆ 20 ಲಕ್ಷ ಡಾಲರಿಗೂ ಹೆಚ್ಚು. ಹಾಡಿಯ ಮಗುವಿಗೆ ಸದ್ಯ ಬೇಕಾದದ್ದು ಅದಲ್ಲ. ರಕ್ತಪರೀಕ್ಷೆಯ ನಿಗಾದಲ್ಲಿ ತಪ್ಪದೆ ಸಿಗುವ ಹೈಡ್ರಾಕ್ಸಿಯೂರಿಯಾ, ಲಸಿಕೆ, ಕುಡಿಯುವ ನೀರು, ಒಂದು ಬೆಚ್ಚನೆಯ ಕಂಬಳಿ, ಜೊತೆಗೆ ನೋವೆಂದಾಗ ನಂಬುವ ದೊಡ್ಡವರು.

ನಂಬುವುದಕ್ಕೂ ಒಂದು ಕ್ರಮವಿದೆ. ಮಾತು ಬಾರದ ಕೂಸಿನ ನೋವನ್ನು ಮುಖದ ಭಾವ, ಕಾಲಿನ ಸೆಳೆತ, ಅಳು, ಸಂತೈಸಿದಾಗ ಶಮನವಾಗುವ ಬಗೆಗಳಿಂದ ಅಳೆಯುತ್ತಾರೆ. ಸ್ವಲ್ಪ ದೊಡ್ಡ ಮಗು, ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳಲ್ಲಿ ತನ್ನದನ್ನು ಬೆರಳಿಟ್ಟು ತೋರಿಸುತ್ತದೆ. ಎಂಟು ವರ್ಷ ದಾಟಿದವರು ಸೊನ್ನೆಯಿಂದ ಹತ್ತರೊಳಗೆ ಅಂಕ ಹೇಳಬಲ್ಲರು. ಪದೇ ಪದೇ ನೋವುಂಡ ಮಗು ಅಳುವುದನ್ನೇ ಬಿಟ್ಟಿರಬಹುದು. ಹದಿಹರೆಯದವರು ಬೈಗುಳಕ್ಕೆ ಅಂಜಿ ಮುಚ್ಚಿಡಬಹುದು. ಸಣ್ಣ ನೋವಿಗೆ ನೀರು, ಬೆಚ್ಚಗಿನ ಶಾಖ, ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ಹೇಳಿದ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಸಾಕಾಗಬಹುದು. ಮಂಜುಗಡ್ಡೆ ಇಡಬಾರದು. ಜ್ವರ, ಎದೆನೋವು, ಉಸಿರಾಟದ ತೊಂದರೆ, ಒಮ್ಮೆಲೇ ಬಿಳಿಚಿಕೊಳ್ಳುವುದು, ಹೊಟ್ಟೆ ಊದಿಕೊಳ್ಳುವುದು, ಒಂದು ಪಕ್ಕದ ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ಆಸ್ಪತ್ರೆಗಳಿಗೇ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿದೆ. ಕಾನೂನು ಸಡಿಲವಾದಷ್ಟು ಬೇಗ ತಾಲ್ಲೂಕಿನ ಕಪಾಟು ತುಂಬುವುದಿಲ್ಲ ಎಂಬುದನ್ನು ಆಡಳಿತದಲ್ಲಿದ್ದವರೆಲ್ಲ ಬಲ್ಲರು. ಭಾರತದಲ್ಲಿ ಈ ಕಾಯಿಲೆ ಸರಾಸರಿಯಾಗಿ ಸೌಮ್ಯವೆಂಬ ಮಾತನ್ನೂ ಕೇಳುತ್ತೇವೆ. ಸರಾಸರಿಗಳ ಜೊತೆ ಬದುಕು ಸವೆಸಿದ ನಾನು ಹೇಳಬಹುದಾದದ್ದು ಇಷ್ಟೆ: ನೋವು ಬರುವುದು ಸರಾಸರಿಗಲ್ಲ, ಒಂದೊಂದು ಮಗುವಿಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. 2047ರ ವೇಳೆಗೆ ಕಾಯಿಲೆಯನ್ನು ನಿರ್ಮೂಲ ಮಾಡುವುದು ಅದರ ಆಶಯ. ಇದು ಸ್ವಾಗತಾರ್ಹ. ಪರೀಕ್ಷೆಯಾದವರಿಗೆ ಕಾರ್ಡ್ ಕೊಡಲಾಗುತ್ತದೆ, ಮದುವೆಗೆ ಮುನ್ನ ಆಪ್ತಸಲಹೆಯ ಮಾತೂ ಇದೆ. ಇಲ್ಲಿಯೇ ಪಾಲಿಂಗ್ ಅವರ ಪ್ರಮಾದವನ್ನು ನಾವು ನೆನೆಯಬೇಕು. ಆ ಕಾರ್ಡು ಮಗುವಿಗೆ ಆಸ್ಪತ್ರೆಯಲ್ಲಿ ತಕ್ಷಣ ಹಾಸಿಗೆ, ಶಾಲೆಯಲ್ಲಿ ರಜೆ, ಚಳಿಯಲ್ಲಿ ರಿಯಾಯಿತಿ ದೊರಕಿಸಿದರೆ ಅದು ರಕ್ಷೆ. ಹುಡುಗಿಯ ಮದುವೆ ಮುರಿಯುವುದಕ್ಕೆ, ಇಡೀ ಸಮುದಾಯವನ್ನು ರಕ್ತದೋಷದವರೆಂದು ಬೆರಳು ಮಾಡುವುದಕ್ಕೆ ಬಳಕೆಯಾದರೆ ಅದು ಕಾಗದದ ಮೇಲಿನ ಹಚ್ಚೆ. ಎಷ್ಟು ಕಾರ್ಡು ಹಂಚಿದೆವು ಎಂಬ ಅಂಕಿಯ ಪಕ್ಕದಲ್ಲಿ, ಎಷ್ಟು ಮಕ್ಕಳಿಗೆ ವರ್ಷವಿಡೀ ಮಾತ್ರೆ ಸಿಕ್ಕಿತು, ಎಷ್ಟು ಮಕ್ಕಳ ನೋವನ್ನು ಅಳೆದು ಬರೆದಿಟ್ಟರು ಎಂಬ ಅಂಕಣಗಳೂ ಪ್ರಗತಿ ವರದಿಯಲ್ಲಿ ಇರಬೇಕು.

ನಾನು ತಪಾಸಣೆ ಮಾಡಿದ ಆ ಬಾಲಕ ಬದುಕಿದ್ದರೆ ಈಗ ನಲವತ್ತು ದಾಟಿರಬೇಕು. ತಪಾಸಣೆಯ ವಯೋಮಿತಿಯಿಂದಲೂ ಅವನು ಹೊರಗೆ. ಮತ್ತೊಂದು ಅವಕಾಶ ಸಿಕ್ಕಿದರೆ ಆ ಟಿಪ್ಪಣಿಯನ್ನು ನಾನು ಬೇರೆ ರೀತಿ ಬರೆಯುತ್ತೇನೆ. ವಲಸೆ, ಕೂಲಿ, ಹಾಜರಾತಿಗಳ ವಿಶ್ಲೇಷಣೆ ಕೊನೆಗೆ ಬರಲಿ. ಮೊದಲ ಸಾಲಿನಲ್ಲಿ, ಇವನಿಗೆ ಕಾಲು ನೋಯುತ್ತಿದೆ, ಕೂಡಲೇ ವೈದ್ಯರಿಗೆ ತೋರಿಸಿ ಎಂದು ಬರೆದರೆ ಸಾಕು. ಈ ಮಾಗಿಯಲ್ಲೂ ಯಾವುದೋ ಶಾಲೆಯ ಜಗಲಿಯ ಮೇಲೆ ಒಂದು ಮಗು ಹಾಗೆ ಕುಳಿತಿರಬಹುದು. ಅದರ ಮುಂದೆ ನಿಲ್ಲುವ ಅಧಿಕಾರಿಗೆ, ಶಿಕ್ಷಕರಿಗೆ ಅಷ್ಟಾದರೂ ಗೊತ್ತಿರಲಿ ಎಂಬುದು ನನ್ನ ವಿನಂತಿ.